ದಾಟಿ ಬಂದವರ ಒತ್ತಾಸೆ

ಕುಡಿತದ ಚಟದಿಂದ ಹೊರಬಂದವರು ಮತ್ತು ಮಾನಸಿಕ ಕಾಯಿಲೆಯನ್ನು ಅನುಭವಿಸಿ ಚೇತರಿಸಿಕೊಂಡವರು, ಅದೇ ಸಂಕಟದಲ್ಲಿರುವ ಇನ್ನೊಬ್ಬರ ಜೊತೆ ಆಸ್ಪತ್ರೆಯ ಸಾಲಿನಲ್ಲಿ, ಮನೆಯ ಜಗಲಿಯಲ್ಲಿ, ಸರ್ಕಾರಿ ಕಚೇರಿಯ ಮೇಜಿನೆದುರು ನಿಂತು ಅವರ ಪರವಾಗಿ ಮಾತನಾಡುವ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ನೆಲೆಗೊಂಡ ಹೆಸರಿಲ್ಲ. ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ವ್ಯಸನಮುಕ್ತಿ ಕೇಂದ್ರಗಳಲ್ಲಿ ಇಂಥವರಿಗೆ ‘ಪೀರ್ ಎಜುಕೇಟರ್’ ಎಂಬ ಹುದ್ದೆಯ ಹೆಸರಿದೆ. ಆದರೆ ಅದು ತಿಳಿವಳಿಕೆ ಹೇಳುವುದನ್ನಷ್ಟೇ ಸೂಚಿಸುತ್ತದೆ, ಜೊತೆಗೆ ನಿಲ್ಲುವುದನ್ನು ಸೂಚಿಸುವುದಿಲ್ಲ. ವಾಲಿದ ಗೋಡೆಗೆ ಆನಿಕೆ ಕೊಡುವಂತೆ ಮತ್ತೊಬ್ಬರಿಗೆ ಆಸರೆಯಾಗುವುದನ್ನು ಕನ್ನಡಿಗರು ಒತ್ತಾಸೆ ಎನ್ನುತ್ತಾರೆ. ತಾನುಂಡ ನೋವಿನ ಅರಿವನ್ನೇ ಬಂಡವಾಳ ಮಾಡಿಕೊಂಡು ಒತ್ತಾಸೆಯಾಗುವ ವ್ಯಕ್ತಿಯನ್ನು ಇಲ್ಲಿ ‘ಅನುಭವಿ ಒತ್ತಾಸೆಗಾರ’ ಎಂದು ಕರೆಯಲಾಗಿದೆ. ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರದಂಥ ತಾಲ್ಲೂಕುಗಳ ಮಟ್ಟಿಗೆ ಈ ಕೆಲಸ ಬೆಳೆದುಬಂದ ದಾರಿ ಒಂದಲ್ಲ, ಎರಡು. ಕುಡಿತ ಬಿಟ್ಟವರ ದಾರಿ ಹಳ್ಳಿಗಳವರೆಗೂ ಹಬ್ಬಿದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರ ದಾರಿಗೆ ಕಾನೂನಿನ ಬಾಗಿಲು ತೆರೆದಿದ್ದರೂ ಅದರಲ್ಲಿ ನಡೆಯುವವರು ವಿರಳ.

ಬೇನೆ ದಾಟಿದವರ ಮಾತಿಗೆ ಬೇನೆಯವರು ಕಿವಿಗೊಡುವುದು ಈ ಸೀಮೆಗೆ ಹೊಸದಲ್ಲ. ಕಪಿಲೆಯ ದಡದ ನಂಜನಗೂಡಿನ ಶ್ರೀಕಂಠೇಶ್ವರ ವಿಷ ನುಂಗಿದ ನಂಜುಂಡನೆಂದು ಹೆಸರಾದವನು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ವಾಸಿಯಾದ ಮೇಲೆ ಈ ದೇವರಿಗೆ ‘ಹಕೀಂ ನಂಜುಂಡ’ ಎಂಬ ಹೆಸರು ಬಂದಿತೆಂಬುದು ಜನ ಹೇಳಿಕೊಂಡು ಬಂದ ಐತಿಹ್ಯ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯೆಂಬ ಆಯುರ್ವೇದ ಔಷಧಾಲಯವನ್ನು ತೆರೆದದ್ದೂ ಇದೇ ಊರಿನಲ್ಲಿ. ರೋಗ ಗುಣವಾಗಲೆಂದು ಹರಕೆ ಹೊರಲು ಬಂದವರೂ ಗುಣವಾದ ಮೇಲೆ ಹರಕೆ ತೀರಿಸಲು ಬಂದವರೂ ಒಂದೇ ಸ್ನಾನಘಟ್ಟದಲ್ಲಿ ಮಿಂದು, ಒಂದೇ ಪ್ರಾಕಾರದಲ್ಲಿ ಉರುಳುಸೇವೆ ಮಾಡಿ, ಒಂದೇ ಪಂಕ್ತಿಯಲ್ಲಿ ಉಣ್ಣುವಾಗ, ಮೊದಲಿನವರಿಗೆ ಎರಡನೆಯವರ ಮಾತೇ ದೊಡ್ಡ ಧೈರ್ಯವಾಗುತ್ತದೆ. ಅಂಥ ಮಾತು ಔಷಧವಲ್ಲ, ನಿಜ. ಆದರೆ ಔಷಧ ಇರುವ ಬಾಗಿಲಿನವರೆಗೆ ಕರೆದೊಯ್ಯುವ ಬಲ ಅದಕ್ಕಿದೆ. ಅನುಭವಿ ಒತ್ತಾಸೆಯ ತಿರುಳು ಇರುವುದು ಇಷ್ಟರಲ್ಲೇ.

ವೈದ್ಯಕೀಯದ ಚರಿತ್ರೆಯಲ್ಲಿ ಇದರ ಮೊದಲ ಸ್ಪಷ್ಟ ಗುರುತು ಹದಿನೆಂಟನೆಯ ಶತಮಾನದ ಕೊನೆಯ ಪ್ಯಾರಿಸ್‌ನಲ್ಲಿ ಸಿಗುತ್ತದೆ. ಅಲ್ಲಿನ ಬಿಸೇತ್ರ್ ಆಸ್ಪತ್ರೆಗೆ ಗಂಡಮಾಲೆಯ ರೋಗಿಯಾಗಿ ಸೇರಿದ್ದ ಝಾಂ-ಬಾಪ್ತಿಸ್ತ್ ಪುಸ್ಸಾಂ ಗುಣಮುಖನಾಗಿ ಅಲ್ಲಿಯೇ ಕೆಲಸಕ್ಕೆ ನಿಂತು ಮಾನಸಿಕ ರೋಗಿಗಳ ವಿಭಾಗದ ಮೇಲ್ವಿಚಾರಕನಾದ. ಚೇತರಿಸಿಕೊಂಡ ರೋಗಿಗಳನ್ನೇ ಆತ ಆರೈಕೆಯ ಕೆಲಸಕ್ಕೆ ಆರಿಸಿಕೊಳ್ಳುತ್ತಿದ್ದ. ಅವರು ರೋಗಿಗಳನ್ನು ಹೊಡೆಯುವುದಿಲ್ಲ, ಹೀಯಾಳಿಸುವುದಿಲ್ಲ ಎಂಬುದು ಅವನ ಅನುಭವವಾಗಿತ್ತು. 1793ರಲ್ಲಿ ಅಲ್ಲಿಗೆ ಬಂದ ವೈದ್ಯ ಫಿಲಿಪ್ ಪಿನೆಲ್ ಈ ಕ್ರಮವನ್ನು ಕಂಡು ಕಲಿತ. ಬಿಸೇತ್ರ್‌ನ ರೋಗಿಗಳ ಸರಪಳಿಯನ್ನು 1797ರಲ್ಲಿ ಕಳಚಿಸಿದವನೂ ಪುಸ್ಸಾಂನೇ, ಆದರೆ ಆ ಕೀರ್ತಿಯ ಬಹುಪಾಲು ಪಿನೆಲ್‌ಗೆ ಸಂದಿತು. ಅನುಭವದಿಂದ ಬಂದ ಅರಿವಿಗೆ ಪದವಿಯಿಂದ ಬಂದ ಅರಿವಿನಷ್ಟು ಮನ್ನಣೆ ಸಿಗದ ಕೊರಗು ಅಂದಿನಿಂದ ಇಂದಿನವರೆಗೂ ಹಾಗೆಯೇ ಉಳಿದಿದೆ.

ಕುಡಿತದ ವಿಷಯದಲ್ಲಿ ತಿರುವು ಬಂದದ್ದು 1935ರಲ್ಲಿ. ಅಮೆರಿಕದ ಆಕ್ರನ್ ಪಟ್ಟಣಕ್ಕೆ ವ್ಯವಹಾರದ ಮೇಲೆ ಬಂದು ಸೋತಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ, ತಾನು ಮತ್ತೆ ಬಾಟಲಿಗೆ ಕೈ ಹಾಕದಿರಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತನಾಡಲೇಬೇಕೆಂದು ಹುಡುಕಿ, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಭೇಟಿಯಾದ. ಆ ಭೇಟಿಯಿಂದ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಅಂದರೆ ಹೆಸರು ಹೇಳಿಕೊಳ್ಳದ ಕುಡಿತದ ರೋಗಿಗಳ ಬಳಗ, 1957ರಲ್ಲಿ ಬೊಂಬಾಯಿಗೆ ಬಂತು. ಕರ್ನಾಟಕದಲ್ಲಿ ಇಂದು ಅದನ್ನು ಎಎ ಎಂದೇ ಕರೆಯುತ್ತಾರೆ. ಇಲ್ಲಿ ನೆರವು ಪಡೆದವನಷ್ಟೇ ನೆರವು ಕೊಟ್ಟವನೂ ಉಳಿಯುತ್ತಾನೆ ಎಂಬುದೇ ಈ ಬಳಗದ ಮೂಲ ತಿಳಿವು. ಈ ಮಾರ್ಗ ಫಲ ಕೊಡುತ್ತದೆಂಬುದು ಬರಿಯ ನಂಬಿಕೆಯೂ ಅಲ್ಲ: 27 ಅಧ್ಯಯನಗಳ, 10,565 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು, ಕುಡಿತವನ್ನು ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎ ಮಾರ್ಗಕ್ಕೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆಯು ಇತರ ಹೆಸರಾಂತ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು.

ಆದರೆ ಹೆಸರು ಮರೆಸಿಕೊಳ್ಳುವ ಈ ಏರ್ಪಾಡು ನಗರಕ್ಕೆ ಹೊಂದಿದಂತೆ ಹಳ್ಳಿಗೆ ಹೊಂದುವುದಿಲ್ಲ. ಯಾರು ಕುಡಿಯುತ್ತಾರೆ, ಯಾರು ಕುಡಿದು ಎಲ್ಲಿ ಬಿದ್ದಿದ್ದರು, ಯಾರ ಹೆಂಡತಿಯ ತಾಳಿ ಗಿರವಿ ಅಂಗಡಿ ಸೇರಿತು ಎಂಬುದೆಲ್ಲ ಊರಿಗೇ ಗೊತ್ತಿರುವಾಗ ಮುಚ್ಚಿಡಲು ಉಳಿಯುವುದೇನು? ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರ ಜೊತೆಗೆ 1990ರ ದಶಕದಲ್ಲಿ ಬೆಳೆದ ಜನಜಾಗೃತಿ ವೇದಿಕೆ ಈ ಸೂಕ್ಷ್ಮವನ್ನು ಸರಿಯಾಗಿ ಹಿಡಿದವು. ಅವುಗಳ ಮದ್ಯವರ್ಜನ ಶಿಬಿರ ಊರಾಚೆಯ ಆಸ್ಪತ್ರೆಯಲ್ಲಿ ನಡೆಯದೆ, ಊರಿನ ಸಮುದಾಯ ಭವನದಲ್ಲಿಯೋ ಕಲ್ಯಾಣ ಮಂಟಪದಲ್ಲಿಯೋ ಎಂಟು ದಿನ ನಡೆಯುತ್ತದೆ. ಊರಿನ ಹಿರಿಯರದೇ ವ್ಯವಸ್ಥಾಪನಾ ಸಮಿತಿ ಇರುತ್ತದೆ, ಅಕ್ಕಿ ಬೇಳೆ ತರಕಾರಿ ಊರಿನಿಂದಲೇ ಬರುತ್ತದೆ. ಶಿಬಿರಾರ್ಥಿಗಳಿಗೆ ವ್ಯಾಯಾಮ, ಭಜನೆ, ಆರೋಗ್ಯ ತಪಾಸಣೆ, ಗುಂಪು ಸಲಹೆ ಇವೆಲ್ಲ ಆದ ಮೇಲೆ ಮನೆಯವರನ್ನು ಕರೆಸುವ ದಿನವೊಂದು ಬರುತ್ತದೆ. ಅಂದು ಹೆಂಡತಿ ಮಕ್ಕಳೆದುರು ಕುಳಿತವನಿಗೆ ತನ್ನ ಕುಡಿತದ ಲೆಕ್ಕ ಹಣದಲ್ಲಿ ಅಲ್ಲ, ಮನುಷ್ಯರಲ್ಲಿ ಕಾಣಿಸುತ್ತದೆ.

ಶಿಬಿರಕ್ಕಿಂತ ಮುಖ್ಯವಾದದ್ದು ಶಿಬಿರದ ನಂತರದ್ದು. ಕುಡಿತ ಬಿಟ್ಟವರನ್ನು ಸೇರಿಸಿ ಕಟ್ಟುವ ಗುಂಪಿಗೆ ‘ನವಜೀವನ ಸಮಿತಿ’ ಎಂದು ಹೆಸರು. ಅದರ ಸದಸ್ಯರನ್ನು ಪಾನಮುಕ್ತರು ಎನ್ನುತ್ತಾರೆ, ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡುತ್ತಾರೆ. ಮುಂದಿನ ಶಿಬಿರಕ್ಕೆ ಜನರನ್ನು ಮನವೊಲಿಸಿ ಕರೆತರುವವರಲ್ಲಿ ಈ ಪಾನಮುಕ್ತರೇ ಮುಂದು. ಕುಡಿಯುವವನು ಹೇಳುವ ನೆಪಗಳೆಲ್ಲ ಅವರೇ ಒಂದು ಕಾಲದಲ್ಲಿ ಹೇಳಿದ್ದ ನೆಪಗಳಾದ್ದರಿಂದ ಅವರೆದುರು ಯಾವ ನೆಪವೂ ನಡೆಯುವುದಿಲ್ಲ. ಮದ್ರಾಸಿನ ಟಿಟಿಕೆ ವ್ಯಸನಮುಕ್ತಿ ಆಸ್ಪತ್ರೆಯನ್ನು 1980ರಲ್ಲಿ ಕಟ್ಟಿದ ಶಾಂತಿ ರಂಗನಾಥನ್ ಅವರು ತಂಜಾವೂರು ಸೀಮೆಯ ಮಂಜಕ್ಕುಡಿ ಗ್ರಾಮದಲ್ಲಿ 1989ರಿಂದ ನಡೆಸಿದ ಶಿಬಿರಗಳೂ ಇದೇ ಜಾಡಿನವು. ಊರೆಲ್ಲ ಕಂಡ ರೋಗಕ್ಕೆ ಊರೆಲ್ಲ ಕಾಣುವ ಚೇತರಿಕೆಯೇ ಬೇಕೆಂಬ ಪಾಠವನ್ನು ದಕ್ಷಿಣದ ಹಳ್ಳಿಗಳು ತಾವಾಗಿಯೇ ಕಂಡುಕೊಂಡವು ಎನ್ನಬೇಕು.

ಸರ್ಕಾರದ ಕಡೆಯಿಂದ ನಡೆದ ಕೆಲಸ ಬೇರೆ ಬಗೆಯದು. ಹಳೆಯ ಮೈಸೂರಿನ ಪಾನನಿರೋಧ 1967ರಲ್ಲಿ ಕೊನೆಗೊಂಡಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತೇ ಹೊರತು ಚಟಕ್ಕೆ ಸಿಕ್ಕವನ ಕೈನಡುಕ ನಿಲ್ಲಲಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಯುಳ್ಳವರಲ್ಲಿ ಸುಮಾರು ಶೇ 86 ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ.

ಮಾನಸಿಕ ಕಾಯಿಲೆಯ ದಾರಿ ಇದಕ್ಕೆ ತೀರ ಉಲ್ಟಾ. ಕುಡಿತವನ್ನು ಊರು ಕಾಣುತ್ತದೆ, ಬೈಯುತ್ತದೆ, ಬಿಟ್ಟರೆ ಹಾರ ಹಾಕುತ್ತದೆ. ಬುದ್ಧಿಭ್ರಮಣೆಯನ್ನೂ ಖಿನ್ನತೆಯನ್ನೂ ಮನೆ ಬಚ್ಚಿಡುತ್ತದೆ. ಮಗಳಿಗೆ ಗಂಡು ಸಿಗದೆಂಬ, ಮಗನಿಗೆ ಹೆಣ್ಣು ಕೊಡರೆಂಬ ಭಯ ಗುಣವಾದ ಮೇಲೂ ಹೋಗುವುದಿಲ್ಲ. ಬದಲಿಗೆ ಗುಣವಾದ ಮೇಲೆಯೇ ಹೆಚ್ಚು, ಏಕೆಂದರೆ ಈಗ ಮುಚ್ಚಿಡಲು ಸಾಧ್ಯ. ‘ನನಗೂ ಇದೇ ಆಗಿತ್ತು’ ಎಂದು ಹೇಳಬೇಕಾದವರು ಬಾಯಿ ಬಿಡದಿರಲು ಇದೇ ಕಾರಣ. ಹೀಗಾಗಿ ಈ ಕ್ಷೇತ್ರದಲ್ಲಿ ಮೊದಲು ಮಾತನಾಡಿದವರು ರೋಗಿಗಳಲ್ಲ, ಅವರ ಮನೆಯವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ವೈದ್ಯ ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲಿಯೇ ಉಳಿಸಿಕೊಂಡರು. ನಿಮ್ಹಾನ್ಸ್ 1975ರಿಂದ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಆ ಮಾದರಿಯಲ್ಲಿ ವೈದ್ಯರಿದ್ದರು, ಕಾರ್ಯಕರ್ತೆಯರಿದ್ದರು, ಮಾತ್ರೆಗಳಿದ್ದವು. ಚೇತರಿಸಿಕೊಂಡವರಿಗೆ ಒಂದು ಕೆಲಸವನ್ನು ಗೊತ್ತುಮಾಡಲು ಯಾರಿಗೂ ತೋಚಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮವೊಂದರಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತದ್ದು ದೇಶದ ಕಣ್ಣು ತೆರೆಸಿತು. 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿ ಹಾಕುವುದನ್ನು ಸಂಪೂರ್ಣ ನಿಷೇಧಿಸಿತು. ಅನುಭವಿ ಒತ್ತಾಸೆಗಾರರ ದೃಷ್ಟಿಯಿಂದ ಈ ಕಾಯ್ದೆಯಲ್ಲಿ ಇನ್ನೂ ಮೂರು ಸಂಗತಿಗಳು ಮುಖ್ಯ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಬರುವುದರಿಂದ ಎರಡು ದಾರಿಗಳೂ ಕಾನೂನಿನ ಕಣ್ಣಿನಲ್ಲಿ ಕೂಡಿವೆ. ಪ್ರಾಯಕ್ಕೆ ಬಂದ ಯಾರೇ ಆದರೂ ತಮಗೆ ಕಾಯಿಲೆ ಬಂದಾಗ ತಮ್ಮ ಪರವಾಗಿ ನಿಲ್ಲುವ ‘ನಾಮನಿರ್ದೇಶಿತ ಪ್ರತಿನಿಧಿ’ಯನ್ನು ಬಿಳಿ ಹಾಳೆಯ ಮೇಲೆ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ನೇಮಿಸಬಹುದು, ಆ ಪ್ರತಿನಿಧಿ ನೆಂಟನೇ ಆಗಿರಬೇಕೆಂದಿಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆಯನ್ನು ಅನುಭವಿಸಿದವರ ಪ್ರತಿನಿಧಿಗಳಿಗೂ ಸ್ಥಾನವಿದೆ.

ತಾಲ್ಲೂಕಿನಲ್ಲಿ ಇದು ಕೆಲಸವಾಗಿ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮದಂತೆ ಮನೋವೈದ್ಯರ ತಂಡ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಆದರೆ ಕುಡಿತವನ್ನು ದಿಢೀರನೆ ನಿಲ್ಲಿಸಿದ ಕೆಲವರಿಗೆ ಎರಡನೆಯ ಅಥವಾ ಮೂರನೆಯ ದಿನ ಕೈಕಾಲು ನಡುಗುತ್ತದೆ, ಬೆವರು ಸುರಿಯುತ್ತದೆ, ನಿದ್ರೆ ಹತ್ತುವುದಿಲ್ಲ, ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುತ್ತವೆ, ಇಲ್ಲದವರು ಕರೆದಂತೆ ಕೇಳಿಸುತ್ತದೆ. ಮನೆಯವರು ‘ಗಾಳಿ ಸೋಕಿದೆ’ ಎಂದು ನಿಂಬೆಹಣ್ಣು ಹುಡುಕುವ ಹೊತ್ತು ಅದು. ವೈದ್ಯರು ಇದನ್ನು ‘ಡೆಲಿರಿಯಂ ಟ್ರೆಮೆನ್ಸ್’, ಅಂದರೆ ಮದ್ಯ ನಿಂತಾಗ ಏಳುವ ಸನ್ನಿ ಎನ್ನುತ್ತಾರೆ, ಮತ್ತು ಚಿಕಿತ್ಸೆ ತಪ್ಪಿದರೆ ಪ್ರಾಣ ಹೋಗಬಹುದು. ಆ ದಿನಗಳನ್ನು ಸ್ವತಃ ದಾಟಿದವನು ಪಕ್ಕದಲ್ಲಿದ್ದರೆ ಗುರುತು ಹಿಡಿದು, ಮಂಗಳವಾರಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಸಾಗಿಸುತ್ತಾನೆ. ಕುಡಿಯುವವನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿಗೆ ಹೆಂಡತಿ ಹಣ ಕೊಡಲು ಹೊರಟಾಗ ತಡೆಯುವವನೂ ಅವನೇ. ಅಂಥ ಪುಡಿಯಲ್ಲಿ ಡೈಸಲ್ಫಿರಾಂನಂಥ ಔಷಧ ಇರಬಹುದು; ಅದು ಮೈಯಲ್ಲಿರುವಾಗ ಅರಿಯದೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮಾತ್ರೆಯಿಂದ ಮಂಪರು ಬರುತ್ತದೆಂದು ಮೂರನೆಯ ತಿಂಗಳಿಗೇ ನಿಲ್ಲಿಸಲು ಹೊರಟ ಹೆಣ್ಣುಮಗಳಿಗೆ, ತಾನೂ ಹಾಗೆಯೇ ನಿಲ್ಲಿಸಿ ಮತ್ತೆ ಹಾಸಿಗೆ ಹಿಡಿದೆನೆಂದು ಇನ್ನೊಬ್ಬ ಹೆಣ್ಣುಮಗಳು ಹೇಳಿ, ಡೋಸಿನ ಬಗ್ಗೆ ವೈದ್ಯರನ್ನು ಕೇಳಲು ಜೊತೆಗೆ ಒಳಗೆ ಹೋಗುವುದಕ್ಕೆ ಸಮನಾದ ಸಲಹೆ ಇನ್ನೊಂದಿಲ್ಲ.

ಇದಕ್ಕೆ ಮಿತಿಗಳೂ ಇವೆ. ಒತ್ತಾಸೆಗಾರ ವೈದ್ಯನಲ್ಲ; ಮಾತ್ರೆ ಬದಲಿಸುವ, ಚಿಕಿತ್ಸೆಯ ಬದಲು ಮನೋಬಲವೊಂದೇ ಸಾಕೆನ್ನುವ ಹಕ್ಕು ಅವನಿಗಿಲ್ಲ. ಬಿಟ್ಟವನೂ ಒಮ್ಮೊಮ್ಮೆ ಜಾರುತ್ತಾನೆ, ಆಗ ಅವನನ್ನು ಹೊರಹಾಕದೆ ಮೇಲೆತ್ತುವ ಏರ್ಪಾಡು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೂಲಿಯ ಪ್ರಶ್ನೆಯಿದೆ. ಕರುಣಾ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ 2002ರಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಆರಂಭಿಸಿದ ಸಮುದಾಯ ಆರೋಗ್ಯ ವಿಮೆ, ಆಸ್ಪತ್ರೆ ಸೇರಿದವರ ಕಳೆದುಹೋದ ಕೂಲಿಗೂ ಪರಿಹಾರ ಕೊಟ್ಟಿತು. ಬಡವನಿಗೆ ಚಿಕಿತ್ಸೆಯ ದಿನವೆಂದರೆ ಸಂಪಾದನೆ ತಪ್ಪಿದ ದಿನವೆಂದು ಈ ತಾಲ್ಲೂಕಿಗೆ ಅಂದೇ ಗೊತ್ತಿತ್ತು. ಒತ್ತಾಸೆಗಾರನ ದಿನಕ್ಕೂ ಬೆಲೆಯಿದೆ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಿಂದಲೇ ಸರ್ಕಾರಿ ವಿಮೆಯ ಹಣದಲ್ಲಿ ಇಂಥವರ ಕೆಲಸಕ್ಕೆ ಸಂಭಾವನೆ ಕೊಡುತ್ತಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಂಗವಿಕಲರ ನೆರವಿಗೆ ಅಂಗವಿಕಲರನ್ನೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗೌರವಧನದ ಮೇಲೆ ನೇಮಿಸುವ ಪದ್ಧತಿಯನ್ನು ಕರ್ನಾಟಕ ಸರ್ಕಾರವೇ ನಡೆಸಿಕೊಂಡು ಬಂದಿದೆ. ಈ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಆರ್‌ಡಬ್ಲ್ಯು ಎಂದರೆ ಹಳ್ಳಿಯವರಿಗೆಲ್ಲ ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿರುವಾಗ, ಅದೇ ಪದ್ಧತಿಯನ್ನು ತಾಲ್ಲೂಕು ಆಸ್ಪತ್ರೆಗೆ ವಿಸ್ತರಿಸಲು ಹೊಸ ಕಾನೂನು ಬೇಕಿಲ್ಲ, ಆದೇಶವೊಂದು ಸಾಕು. ನಂಜನಗೂಡು ಮತ್ತು ಟಿ. ನರಸೀಪುರ ಆಸ್ಪತ್ರೆಗಳಿಗೆ ತಲಾ ಇಬ್ಬರು ಅನುಭವಿಗಳನ್ನು, ಒಬ್ಬ ಗಂಡಸು ಒಬ್ಬ ಹೆಂಗಸನ್ನು, ತರಬೇತಿ ಕೊಟ್ಟು ಸಂಬಳದ ಮೇಲೆ ನೇಮಿಸಬೇಕು. ಎರಡೂ ತಾಲ್ಲೂಕುಗಳ ಪಾನಮುಕ್ತರು, ಚೇತರಿಸಿಕೊಂಡವರು ಮತ್ತು ಅವರ ಮನೆಯವರು ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಎತ್ತಿ ಠರಾವು ಮಾಡಿಸಬೇಕು. ಅಲ್ಲಿಯವರೆಗೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416, ಮದ್ಯ ಮತ್ತು ಮಾದಕ ವಸ್ತುಗಳ ಸಮಸ್ಯೆಗೆ 14446 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು. ಟೆಲಿ ಮಾನಸ್‌ನಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ.