ಮೂಳೆಯ ಅರ್ಬುದ: ಅಂಗಳದ ಗಿಡ, ಆಸ್ಪತ್ರೆಯ ಔಷಧ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಬೇಲಿಯ ಮೇಲೆ ಹಬ್ಬುವ ಮಂಗರವಳ್ಳಿಯನ್ನು ಅರಿಯದವರು ವಿರಳ. ಆಯುರ್ವೇದವು ಇದನ್ನು ಅಸ್ಥಿಶೃಂಖಲಾ ಎಂದು ಕರೆದು, ಮುರಿದ ಮೂಳೆ ಕೂಡಲು ಬಳಸುತ್ತ ಬಂದಿದೆ. ಆದುದರಿಂದ ‘ಮೂಳೆಯ ಕ್ಯಾನ್ಸರಿಗೂ ಇದೇ ಸಾಲದೇ?’ ಎಂದು ಸದ್ಭಕ್ತರು ನಮ್ಮನ್ನು ಕೇಳುವುದುಂಟು. ಸಾಲದು. ಮುರಿದ ಮೂಳೆ ಕೂಡುವುದಕ್ಕೆ ಜೀವಕೋಶಗಳು ಬೆಳೆಯಬೇಕು. ಅರ್ಬುದದಲ್ಲಿ ಅಂಕೆ ಮೀರಿದ ಬೆಳವಣಿಗೆಯೇ ನಿಲ್ಲಬೇಕು.

ಹಾಗೆಂದು ಈ ರೋಗದ ಚಿಕಿತ್ಸೆಯಲ್ಲಿ ಸಸ್ಯಗಳಿಗೆ ಸ್ಥಾನವಿಲ್ಲವೆಂದಲ್ಲ. ನಮ್ಮ ಅಂಗಳದಲ್ಲಿ ಅರಳುವ ನಿತ್ಯಪುಷ್ಪವನ್ನೇ ನೋಡಿರಿ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ನೋಬಲ್ ಮತ್ತು ಬಿಯರ್ ಮಧುಮೇಹದ ಔಷಧಕ್ಕಾಗಿ ಇದನ್ನು ಪರೀಕ್ಷಿಸಿದಾಗ, ಸಕ್ಕರೆಯ ಬದಲು ರಕ್ತದ ಬಿಳಿಕಣಗಳು ಇಳಿದುದನ್ನು ಕಂಡರು. ಇದೇ ಗಿಡದಿಂದ ಮುಂದೆ ದೊರೆತ ವಿನ್‌ಕ್ರಿಸ್ಟಿನ್ ಇಂದು ಮಕ್ಕಳಲ್ಲಿಯೂ ಹರೆಯದವರಲ್ಲಿಯೂ ಕಾಣುವ ‘ಯೂಯಿಂಗ್ ಸಾರ್ಕೋಮಾ’ ಎಂಬ ಮೂಳೆಯ ಕ್ಯಾನ್ಸರಿಗೆ ಮುಖ್ಯ ಔಷಧಗಳಲ್ಲೊಂದು. ಅದರೊಡನೆ ಕೊಡುವ ಎಟೊಪೊಸೈಡ್ ಕೂಡ ಪೋಡೊಫಿಲಮ್ ಎಂಬ ಸಸ್ಯದ ಸಾರವನ್ನು ಮಾರ್ಪಡಿಸಿ ಮಾಡಿದುದು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಅದರಿಂದ ರೂಪಿಸಿದ ಇರಿನೊಟೆಕಾನ್, ಯೂಯಿಂಗ್ ರೋಗ ಮರುಕಳಿಸಿದಾಗ ಬಳಕೆಗೆ ಬರುತ್ತದೆ.

ಆದರೆ ಎಲೆ ಬೇರೆ, ಔಷಧ ಬೇರೆ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ಪಡೆಯಲು ನೂರಾರು ಕಿಲೋ ಒಣ ಎಲೆ ಬೇಕು. ಅದನ್ನು ಶುದ್ಧಿಗೊಳಿಸಿ, ಸಾಮಾನ್ಯವಾಗಿ ಸಲಕ್ಕೆ 2 ಮಿಲಿಗ್ರಾಂ ಮೀರದಂತೆ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಮಾತ್ರೆ ಮೀರಿದರೆ ನರಗಳು ಕೆಡುತ್ತವೆ. ಮನೆಯಲ್ಲಿ ಅರೆದು ಕುಡಿಯುವ ರಸದಲ್ಲಿ ಈ ಅಳತೆಯೂ ಇಲ್ಲ, ರಕ್ಷಣೆಯೂ ಇಲ್ಲ.

ನಮ್ಮ ಜಿಲ್ಲೆಯ ಹೊಲಗಳ ಅರಿಸಿನದ ಮಾತೂ ಇದೇ. ಅದರ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಮೂಳೆಯ ಕ್ಯಾನ್ಸರ್ ಕೋಶಗಳನ್ನು ತಡೆದಿದೆ. ತಿಂದಾಗ ಮಾತ್ರ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಅಡುಗೆಯ ಅರಿಸಿನ ಹಿತಕರ. ಚಿಕಿತ್ಸೆಯಾಗಿ ಅದನ್ನು ನಂಬಿ ಕುಳಿತುಕೊಳ್ಳಲಾಗದು. ಕೀಮೋಥೆರಪಿಯ ನಡುವೆ ಕರ್ಕ್ಯುಮಿನ್ ಗುಳಿಗೆಗಳನ್ನು ವೈದ್ಯರಿಗೆ ತಿಳಿಸದೆ ನುಂಗಲೂಬಾರದು.

ತಂದೆತಾಯಂದಿರು ಗಮನಿಸಬೇಕಾದುದು ಇದು. ಮೂಳೆಯ ಕ್ಯಾನ್ಸರ್ ಹೆಚ್ಚಾಗಿ ಹರೆಯದಲ್ಲಿ, ಬಹುಮಟ್ಟಿಗೆ ಮೊಣಕಾಲಿನ ಸಮೀಪ ತಲೆದೋರುತ್ತದೆ. ಆಡುವಾಗ ಬಿದ್ದ ಪೆಟ್ಟೆಂದು ತೋರುವ ನೋವು ವಾರಗಳು ಕಳೆದರೂ ಬಿಡದಿದ್ದರೆ, ರಾತ್ರಿ ಹೆಚ್ಚಿದರೆ, ಊತ ಇಳಿಯದಿದ್ದರೆ, ಎಣ್ಣೆ ಹಚ್ಚಿ ಉಜ್ಜುವುದನ್ನೂ ಪಟ್ಟು ಕಟ್ಟುವುದನ್ನೂ ನಿಲ್ಲಿಸಿ ಮೊದಲು ಎಕ್ಸ್-ರೇ ಮಾಡಿಸಿರಿ. ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಿ, ಸಂಶಯವಿದ್ದರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ತಡಮಾಡದೆ ಹೋಗಿರಿ. ರೋಗ ಹರಡುವ ಮುನ್ನ ತಿಳಿದರೆ ಅನೇಕರಲ್ಲಿ ಪ್ರಾಣವೂ ಕಾಲೂ ಉಳಿಯುತ್ತವೆ.

ಚಿಕಿತ್ಸೆಯ ಕಾಲದಲ್ಲಿ ಪಥ್ಯ, ಆಹಾರರುಚಿ, ನಿದ್ರೆ, ಮನೋಧೈರ್ಯ ಇವುಗಳಲ್ಲಿ ಆಯುರ್ವೇದ ವೈದ್ಯರಾದ ನಾವು ನೆರವಾಗಬಲ್ಲೆವು. ಅದು ಕ್ಯಾನ್ಸರ್ ತಜ್ಞರ ಒಪ್ಪಿಗೆಯೊಡನೆ, ಅವರ ಚಿಕಿತ್ಸೆಯ ಜೊತೆಗೇ ಹೊರತು ಅದರ ಬದಲಾಗಿ ಅಲ್ಲ.