ಶತ್ರುವಿಗೂ ಒಂದು ಗುಟುಕು ನೀರು

ಲೋಕದಲ್ಲಿ ಶಾಂತಿಯು ಸ್ಥಿರವಾಗಿ ನೆಲಸಬೇಕಾದರೆ ಅದಕ್ಕೆ ರಾಜ್ಯಗಳು ಬರೆದುಕೊಳ್ಳುವ ಸಂಧಿಪತ್ರಗಳೇ ಆಧಾರವೋ, ಅಥವಾ ಅವುಗಳಿಗಿಂತ ಮೊದಲೇ ಜನರ ಅಂತಃಕರಣದಲ್ಲಿ ಬೇರೂರಿರಬೇಕಾದ ಸಮಾನ ಧರ್ಮಬುದ್ಧಿಯೋ ಎಂಬುದನ್ನು ವಿಚಾರಿಸುವವರು ಉತ್ತರ ಇಟಲಿಯ ಎರಡು ಊರುಗಳ ವೃತ್ತಾಂತವನ್ನು ಒಟ್ಟಿಗೆ ಇಟ್ಟು ನೋಡಬೇಕು.

1859ರ ಜೂನ್ 24ರಂದು ಸೊಲ್ಫೆರಿನೊ ಎಂಬಲ್ಲಿ ಫ್ರಾನ್ಸ್ ಮತ್ತು ಸಾರ್ಡೀನಿಯಗಳ ಸೇನೆಗಳು ಆಸ್ಟ್ರಿಯದ ಸೇನೆಯೊಡನೆ ಕಾದಾಡಿ, ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 40,000 ಮಂದಿ ಒಂದೇ ಹಗಲಿನ ಆ ಕದನಕ್ಕೆ ತುತ್ತಾದರು. ಸಮೀಪದ ಕಾಸ್ತಿಲ್ಯೋನೆ ಎಂಬ ಊರಿಗೆ ಗಾಯಾಳುಗಳು ಸಾವಿರಗಟ್ಟಲೆ ಬಂದು, ಇಗರ್ಜಿಗಳೂ ಬೀದಿಗಳೂ ತುಂಬಿಹೋದವು. ನೀರಿತ್ತು, ಕುಡಿಸುವ ಕೈಗಳಿರಲಿಲ್ಲ. ಅಲ್ಜೀರಿಯದಲ್ಲಿನ ತನ್ನ ವ್ಯಾಪಾರದ ಕೆಲಸಕ್ಕಾಗಿ ಫ್ರಾನ್ಸಿನ ಚಕ್ರವರ್ತಿಯನ್ನು ಕಾಣಲು ಬಂದಿದ್ದ ಜಿನೀವಾದ ಹೆನ್ರಿ ಡ್ಯೂನಾಂಟನು ಆ ದೃಶ್ಯವನ್ನು ಕಂಡು, ಬಂದ ಕಾರ್ಯವನ್ನು ಬದಿಗಿಟ್ಟು, ಗಾಡಿಯವನನ್ನು ಬ್ರೆಷಾ ನಗರಕ್ಕೆ ಅಟ್ಟಿ ನಿಂಬೆಹಣ್ಣು, ಸಕ್ಕರೆ, ಅಂಗಿ, ಹೊಗೆಸೊಪ್ಪುಗಳನ್ನು ತರಿಸಿದನು. ಹುಡುಗರು ಚಿಲುಮೆಗಳಿಂದ ನೀರು ಹೊತ್ತು ತಂದರು. ಊರಿನ ಹೆಂಗಸರು, ಗಾಯಾಳು ಯಾವ ದೇಶದವನು ಎಂದು ಕೇಳದೆ, ಎಲ್ಲರೂ ಅಣ್ಣತಮ್ಮಂದಿರೇ ಎನ್ನುತ್ತ, ತಮ್ಮ ನಾಡನ್ನು ಆಳುತ್ತಿದ್ದ ಆಸ್ಟ್ರಿಯದ ಪಡೆಯವರ ಗಾಯಗಳನ್ನೂ ತೊಳೆದು ಕಟ್ಟಿದರು. ಆ ತಾಯಂದಿರಿಗೆ ಯಾವ ಶಾಸ್ತ್ರವೂ, ಯಾವ ಸರ್ಕಾರವೂ ಹಾಗೆ ವಿಧಿಸಿರಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಎರಡನೆಯ ಊರು ವಿಲ್ಲಾಫ್ರಾಂಕ. ಅದೇ ವರ್ಷದ ಜುಲೈ 11ರಂದು ಫ್ರಾನ್ಸಿನ ಮೂರನೆಯ ನೆಪೋಲಿಯನ್ ಮತ್ತು ಆಸ್ಟ್ರಿಯದ ಫ್ರಾಂಟ್ಸ್ ಜೋಸೆಫ್ ಚಕ್ರವರ್ತಿಗಳು ಅಲ್ಲಿ ಸಂಧಿಸಿ ಶಾಂತಿಯ ನಿಬಂಧನೆಗಳನ್ನು ಗೊತ್ತುಮಾಡಿದರು. ಆದರೆ ಸೊಲ್ಫೆರಿನೊ ಕದನವಾಗಿ ಸರಿಯಾಗಿ 7 ವರ್ಷಗಳ ಮೇಲೆ, 1866ರ ಅದೇ ಜೂನ್ 24ರಂದು, ವಿಲ್ಲಾಫ್ರಾಂಕದ ನೆರೆಯ ಕುಸ್ತೋಜದಲ್ಲಿ ಇಟಲಿ ಮತ್ತು ಆಸ್ಟ್ರಿಯಗಳು ಮತ್ತೆ ರಕ್ತ ಚೆಲ್ಲಿದುವು.

ಚಕ್ರವರ್ತಿಗಳ ಒಡಂಬಡಿಕೆ ಹೀಗೆ ಮುರಿದುಬಿದ್ದರೂ ಹೆಂಗಸರ ನಡತೆಯಲ್ಲಿದ್ದ ಧರ್ಮವು ಬೆಳೆಯಿತು. ಡ್ಯೂನಾಂಟನು 1862ರಲ್ಲಿ ತಾನು ಕಂಡುದನ್ನು ಪುಸ್ತಕವಾಗಿ ಪ್ರಕಟಿಸಿದನು. ಮರುವರ್ಷ ಜಿನೀವಾದಲ್ಲಿ ಐವರ ಸಮಿತಿಯೊಂದು ಕೂಡಿ ರೆಡ್ ಕ್ರಾಸ್ ಸಂಸ್ಥೆಗೆ ಮೂಲವಾಯಿತು. 1864ರ ಆಗಸ್ಟ್ 22ರಂದು 12 ರಾಜ್ಯಗಳು ಸಹಿ ಹಾಕಿದ ಒಪ್ಪಂದವು, ಗಾಯಗೊಂಡ ಸೈನಿಕನು ಯಾವ ಪಕ್ಷದವನಾದರೂ ಶುಶ್ರೂಷೆಗೆ ಅರ್ಹನೆಂದು ಸಾರಿತು. ಇಂತಹ ಐಕಮತ್ಯಕ್ಕೆ ಎಲ್ಲರ ದೇವರೂ ಒಂದೇ ಆಗಬೇಕಾಗಿರಲಿಲ್ಲ. 1876ರಲ್ಲಿ ತುರ್ಕಿಯು ರೆಡ್ ಕ್ರಾಸಿನ ಕೆಂಪು ಶಿಲುಬೆಗೆ ಬದಲಾಗಿ ಕೆಂಪು ಅರ್ಧಚಂದ್ರವನ್ನು ತನ್ನ ಲಾಂಛನವಾಗಿ ಇಟ್ಟುಕೊಂಡು, ಎದುರಾಳಿಯ ಶಿಲುಬೆಯನ್ನು ಗೌರವಿಸುವುದಾಗಿ ಒಪ್ಪಿಕೊಂಡಿತು. 1864ರ ಆ ಒಪ್ಪಂದವನ್ನು ವಿಸ್ತರಿಸಿ 1949ರಲ್ಲಿ ರಚಿತವಾದ ನಾಲ್ಕು ಒಪ್ಪಂದಗಳನ್ನು ಇಂದು ಲೋಕದ ಎಲ್ಲ ರಾಜ್ಯಗಳೂ ಅಂಗೀಕರಿಸಿವೆ.

ಆದರೂ ಆಸ್ಪತ್ರೆಗಳ ಮೇಲೆ ಸಿಡಿಗುಂಡುಗಳು ಬೀಳುತ್ತಲೇ ಇವೆಯಲ್ಲ ಎಂದು ಓದುಗರು ಕೇಳಬಹುದು, ಕೇಳಲೇಬೇಕು. ಕುರುಕ್ಷೇತ್ರದಲ್ಲಿಯೂ, ಶಸ್ತ್ರ ಕೆಳಗಿಟ್ಟವನನ್ನು ಹೊಡೆಯಕೂಡದೆಂದು ಉಭಯ ಪಕ್ಷಗಳೂ ಮೊದಲೇ ಕಟ್ಟು ಮಾಡಿಕೊಂಡಿದ್ದುವು, ಆ ಕಟ್ಟುಗಳು ಒಂದೊಂದಾಗಿ ಮುರಿದುವು. ಹಾಗಿದ್ದರೂ ಗದಾಯುದ್ಧದ ನಿಯಮವನ್ನು ಮೀರಿ ಭೀಮನು ತೊಡೆಗೆ ಹೊಡೆದುದು ಬಲರಾಮನಿಗೆ ಅಧರ್ಮವಾಗಿ ಕಂಡಿತು, ಗೆದ್ದವರ ಪಕ್ಷದಲ್ಲಿ ನಿಂತು ಕಥೆ ಕೇಳುವ ನಮಗೂ ಅದು ಚುಚ್ಚುತ್ತದೆ. ಸಮಾನವಾದ ಧರ್ಮವಿಲ್ಲದಲ್ಲಿ ಅಪರಾಧವೆಂಬುದೇ ಇಲ್ಲ, ಬರಿಯ ಸೋಲು ಗೆಲುವುಗಳು ಮಾತ್ರ. ನಿನ್ನೆಯ ಶತ್ರುವನ್ನು ನಂಬಿ ನಾಳೆ ಒಂದು ಮೇಜಿಗೆ ಕುಳಿತುಕೊಳ್ಳಲು ಸಾಧ್ಯವಾಗುವುದು, ಅವನೂ ಇಂತಹ ಒಂದು ಎಲ್ಲೆಯನ್ನು ಬಲ್ಲನೆಂಬ ಭರವಸೆಯಿಂದ.

1949ರ ಒಪ್ಪಂದಗಳ ನಿಯಮಗಳನ್ನು ಶಾಂತಿಕಾಲದಲ್ಲಿಯೇ ಸೈನಿಕರಿಗೆ, ಸಾಧ್ಯವಾದರೆ ನಾಗರಿಕರಿಗೂ, ಕಲಿಸಬೇಕೆಂಬ ಹೊಣೆಯನ್ನು ಪ್ರತಿಯೊಂದು ರಾಜ್ಯವೂ ಹೊತ್ತಿದೆ. ಭಾರತವು 1960ರಲ್ಲಿ ಇವುಗಳಿಗಾಗಿ ಒಂದು ಕಾಯಿದೆಯನ್ನೂ ಮಾಡಿದೆ. ನಮ್ಮ ಶಾಲೆಗಳಲ್ಲಿ ಕದನಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವ ಉಪಾಧ್ಯಾಯರು, ಸೊಲ್ಫೆರಿನೊದಲ್ಲಿ ಗೆದ್ದವರು ಯಾರೆಂದು ಹೇಳಿದ ಮೇಲೆ, ಕಾಸ್ತಿಲ್ಯೋನೆಯ ಹೆಂಗಸರ ಕಥೆಗೂ ಒಂದು ಪಾಠದ ಹೊತ್ತನ್ನು ಕೊಡಲಿ ಎಂದು ಬೇಡುತ್ತೇನೆ.