ಸರ್ಪಸುತ್ತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ

ವಯಸ್ಸಾದವರ ಚರ್ಮಕ್ಕೆ ತುರಿಕೆ, ಒಣಕಲು, ಗಜಕರ್ಣ ಎಲ್ಲವೂ ಕಾಟ ಕೊಡುತ್ತವೆ. ಆದರೆ ಮನೆಮಂದಿಯನ್ನೆಲ್ಲ ಒಟ್ಟಿಗೆ ಹೆದರಿಸುವುದು ಸರ್ಪಸುತ್ತು.

ತಪ್ಪು ಕಲ್ಪನೆ: ಸುತ್ತಿನ ತಲೆ-ಬಾಲ ಕೂಡಿದರೆ ಜೀವ ಹೋಗುತ್ತದೆ.

ಸರ್ಪಸುತ್ತನ್ನು ತರುವುದು ಚಿಕನ್‌ಪಾಕ್ಸ್‌ನ ವೈರಸ್. ಚಿಕ್ಕಂದಿನಲ್ಲಿ 'ಅಮ್ಮ' ಆದಾಗ ಮೈಹೊಕ್ಕ ಅದು, ಗುಳ್ಳೆ ಒಣಗಿದ ಮೇಲೂ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ವಯಸ್ಸಿನಿಂದಲೋ ಕ್ಯಾನ್ಸರ್ ಚಿಕಿತ್ಸೆಯಿಂದಲೋ ಸ್ಟೀರಾಯ್ಡ್ ಮಾತ್ರೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ಬೆನ್ನಿನಿಂದ ಹೊರಟು ಎದೆಯ ಅಥವಾ ಹೊಟ್ಟೆಯ ನಡುವಿಗೆ ಮುಗಿದುಹೋಗುತ್ತದೆ. ಹಾಗಾಗಿ ಗುಳ್ಳೆಗಳ ಪಟ್ಟಿ ಮೈಯ ಒಂದೇ ಬದಿಯಲ್ಲಿ ನಿಲ್ಲುತ್ತದೆ. ಎರಡೂ ಬದಿಗೆ ಹಬ್ಬುವುದು ತೀರ ಅಪರೂಪ. ಹಬ್ಬಿದರೂ ಅಪಾಯವಿರುವುದು ತುದಿಗಳು ಕೂಡಿದ್ದರಲ್ಲಲ್ಲ, ರೋಗನಿರೋಧಕ ಶಕ್ತಿ ಅಷ್ಟು ಕುಸಿದಿರುವುದರಲ್ಲಿ.

ಹಾವು ಕೊಂದ ದೋಷ ಎನ್ನುವವರೂ ಇದ್ದಾರೆ. ಹಾವು ಕಂಡರೆ ಮಾರು ದೂರ ಓಡುವವರಿಗೂ ಇದು ಬರುತ್ತದೆ.

ತಪ್ಪು ಕಲ್ಪನೆ: ಮಂತ್ರ ಹಾಕಿಸಿ ಕೆಮ್ಮಣ್ಣು ಹಚ್ಚಿದರೆ ಸಾಕು.

ವಾಸಿಯಾಗುವುದು ನಿಜ. ಏನೂ ಮಾಡದಿದ್ದರೂ ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತವೆ. ಹೆಸರು ಮಾತ್ರ ಮಂತ್ರ ಹಾಕಿದವರಿಗೆ. ಮಂತ್ರದಿಂದ ಕೆಡುಕೇನಿಲ್ಲ, ಬೇಕಿದ್ದವರು ಹಾಕಿಸಿಕೊಳ್ಳಲಿ. ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಕೀವಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಹೀಗೆ ಕಳೆದುಹೋಗುವ ದಿನಗಳದ್ದು. ಅಸೈಕ್ಲೊವಿರ್, ವಾಲಾಸೈಕ್ಲೊವಿರ್‌ನಂಥ ಮಾತ್ರೆಗಳು ಗುಳ್ಳೆ ಕಂಡ 72 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತವೆ. ಚರ್ಮ ಮಾಯ್ದರೂ ನರದ ಉರಿ ಕೆಲವರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡುವುದಿಲ್ಲ. ಸೆರಗು ಸೋಕಿದರೂ ಬೆಂಕಿ ಇಟ್ಟಂತಾಗುತ್ತದೆ. ವಯಸ್ಸು ಹೆಚ್ಚಿದಷ್ಟೂ ಈ ಉರಿ ಉಳಿಯುವ ಸಂಭವ ಹೆಚ್ಚು. ಅದಕ್ಕೂ ಬೇರೆ ಔಷಧಿಗಳಿವೆ, ಸುಮ್ಮನೆ ಸಹಿಸಬೇಕಿಲ್ಲ.

ಎಷ್ಟೋ ಸಲ ಗುಳ್ಳೆಗೂ ಮೊದಲೇ ಎರಡು-ಮೂರು ದಿನ ನೋವು, ಉರಿ ಇರುತ್ತದೆ. ಎದೆಯಲ್ಲಾದರೆ ಇಸಿಜಿ ಮಾಡಿಸುವುದು ಸರಿಯೇ. ಅದು ಸರಿಯಿದ್ದು, ನೋವಿನ ಜಾಗದಲ್ಲಿ ಕೆಂಪು ಗುಳ್ಳೆಗಳ ಗೊಂಚಲು ಕಂಡರೆ ಮತ್ತೆ ವೈದ್ಯರಲ್ಲಿಗೆ ಹೋಗಿ. ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಕಂಡರಂತೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ದೃಷ್ಟಿಯೇ ಹೋದೀತು.

ತಪ್ಪು ಕಲ್ಪನೆ: ಮುಟ್ಟಿದರೆ ಅಂಟುತ್ತದೆ, ತಟ್ಟೆ-ಲೋಟ ಬೇರೆ ಇಡಬೇಕು.

ಅಜ್ಜಿಯನ್ನು ಮೂಲೆಗೆ ಕೂರಿಸಬೇಡಿ. ಒಬ್ಬರ ಸರ್ಪಸುತ್ತು ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಚಿಕನ್‌ಪಾಕ್ಸ್ ಆಗದ, ಅದರ ಲಸಿಕೆಯನ್ನೂ ಪಡೆಯದವರಿಗೆ ಗುಳ್ಳೆಯ ನೀರು ತಗಲಿದರೆ ಚಿಕನ್‌ಪಾಕ್ಸ್ ಬರಬಹುದು. ಹಕ್ಕಳೆ ಕಟ್ಟುವವರೆಗೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ, ಅಂಥವರನ್ನು, ಅದರಲ್ಲೂ ಗರ್ಭಿಣಿಯರನ್ನೂ ಎಳೆಗೂಸುಗಳನ್ನೂ, ದೂರವಿಟ್ಟರೆ ಸಾಕು.

ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬುದೂ ಸುಳ್ಳು. 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ 2023ರಿಂದ ಭಾರತದಲ್ಲಿ ಸಿಗುತ್ತಿದೆ: ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ಬೆಲೆ ದುಬಾರಿ, ಅದು ನಿಜ. ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ವೈದ್ಯರನ್ನು ಕೇಳಿ ಇದನ್ನು ಹಾಕಿಸಿಕೊಳ್ಳಬಹುದು.